ಮೊಳ ಹೂವು, ಹಿಡಿ ಗುಲಾಬಿ

ಬೊಮ್ಮಸಂದ್ರದಲ್ಲಿ ಬೆಳಗಿನ ಪಾಳಿಯ ಬಸ್ಸುಗಳು ಬಂದು ನಿಲ್ಲುವ ಹೊತ್ತಿಗೆ ಹೂವಿನ ಬುಟ್ಟಿಗಳೂ ಬಂದಿರುತ್ತವೆ. ಕಾರ್ಖಾನೆ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳು ಒಂದು ಮೊಳ ಕಾಕಡವನ್ನೋ ಕನಕಾಂಬರವನ್ನೋ ಕೊಂಡು, ಅರ್ಧ ತಾವು ಮುಡಿದು, ಉಳಿದರ್ಧವನ್ನು ಜತೆಗಾತಿಯ ಜಡೆಗೆ ಸಿಕ್ಕಿಸಿ ಒಳಗೆ ಹೋಗುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿ, ದೊಡ್ಡ ಆಸ್ಪತ್ರೆಗಳಿರುವ ಕಡೆ, ಹೂವಿನ ವ್ಯಾಪಾರದ ರೀತಿಯೇ ಬೇರೆ. ಹೊಳೆಯುವ ಕಾಗದದಲ್ಲಿ ಸುತ್ತಿದ ಗುಲಾಬಿ, ಜರ್ಬೆರಾ, ಕಾರ್ನೇಷನ್. ರೋಗಿಯನ್ನು ನೋಡಲು ಬಂದವರು ಅದನ್ನು ಎರಡು ಕೈಯಲ್ಲಿ ಹಿಡಿದು ಲಿಫ್ಟಿನ ಮುಂದೆ ನಿಲ್ಲುತ್ತಾರೆ. ಒಂದು ಹೂವು ಮುಡಿಯಲು, ಇನ್ನೊಂದು ಹಿಡಿಯಲು. ಒಂದನ್ನು ಮೊಳದಲ್ಲಿ ಅಳೆಯುತ್ತಾರೆ, ಇನ್ನೊಂದನ್ನು ಎಣಿಸುತ್ತಾರೆ.

ಹೂ ಕೊಡುವ ಈ ಎರಡು ಪದ್ಧತಿಗಳ ಹಿಂದೆ ಎರಡು ಬೇರೆ ಬೇರೆ ಇತಿಹಾಸಗಳಿವೆ. ಕೆರೆಯ ಊರಾಗಿದ್ದು ಕೈಗಾರಿಕೆಯ ಊರಾದ ಬೊಮ್ಮಸಂದ್ರದಲ್ಲಿ ಇವೆರಡೂ ಒಂದೇ ರಸ್ತೆಯಲ್ಲಿ ಎದುರಾಗುತ್ತವೆ. (ಊರ ಹೆಸರುಗಳ ಕೊನೆಯ ‘ಸಂದ್ರ’ ಎಂಬುದು ದೊಡ್ಡ ಕೆರೆಯನ್ನು ಹೇಳುವ ‘ಸಮುದ್ರ’ದ ಆಡುರೂಪ.) ಆನೇಕಲ್ ತಾಲ್ಲೂಕಿಗೆ ಸೇರಿದ ಈ ಊರಿನ ಬೆನ್ನಿಗೆ ಹೂ ಬೆಳೆಯುವ ಹಳ್ಳಿಗಳಿವೆ; ಹೆದ್ದಾರಿಯಲ್ಲಿ ಮುಂದೆ ಹೋದರೆ ಗಡಿಯಾಚೆ ಗುಲಾಬಿಗೆ ಹೆಸರಾದ ಹೊಸೂರು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮೆಟ್ರೊ ಮಾರ್ಗ ಆರಂಭವಾದ ಮೇಲೆ ನಗರದ ಹೂವಿನ ಕೇಂದ್ರವಾದ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ಇಲ್ಲಿಗೂ ಒಂದೇ ಬದಲಾವಣೆಯ ರೈಲು ಪ್ರಯಾಣ.

ಹೂವನ್ನು ಯಾರು ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎಂಬುದನ್ನು ನೋಡಿದರೆ ಒಂದು ಸಮಾಜ ಯಾರನ್ನು ತನ್ನವರೆಂದು ಒಪ್ಪಿಕೊಂಡಿದೆ ಎಂಬುದು ಗೊತ್ತಾಗುತ್ತದೆ. ಹೂವಿನ ಚರಿತ್ರೆ ಬರೀ ಸೊಗಸಿನ ಚರಿತ್ರೆಯಲ್ಲ.

ಮೊಳ, ಮಾರು, ಅಟ್ಟೆ

ಕನ್ನಡದಲ್ಲಿ ಹೂವಿಗೆ ಹೊಂದುವ ಕ್ರಿಯಾಪದಗಳನ್ನು ಗಮನಿಸಬೇಕು. ದೇವರಿಗೆ ಹೂ ‘ಏರಿಸು’ತ್ತಾರೆ. ಹೆಣ್ಣಿಗೆ ಹೂ ‘ಮುಡಿಸು’ತ್ತಾರೆ. ಗಣ್ಯರಿಗೆ ಹಾರ ‘ಹಾಕು’ತ್ತಾರೆ. ಮೂರರಲ್ಲೂ ಹೂವು ಕೊಟ್ಟವರ ಕೈಯಿಂದ ಪಡೆದವರ ಮೈಮೇಲೆ ಹೋಗಿ ಕೂರುತ್ತದೆ. ಕಾಂಡಸಹಿತ ಕತ್ತರಿಸಿದ ಹೂವನ್ನು ಹೂಜಿಯಲ್ಲಿಟ್ಟು ನೋಡುವುದು ಇಲ್ಲಿನ ಹಳೆಯ ರೂಢಿಯಲ್ಲ. ಇಲ್ಲಿ ಹೂವನ್ನು ತೊಟ್ಟಿನ ಬಳಿ ಬಿಡಿಸಿ, ನಾರಿನಲ್ಲಿ ಕಟ್ಟಿ, ಮಾಲೆ ಮಾಡುತ್ತಾರೆ. ಮೊದಲು ಬಾಳೆ ನಾರು, ಈಗ ಹತ್ತಿಯ ದಾರ. ಹೂವಿನಿಂದ ನಾರೂ ಸ್ವರ್ಗ ಸೇರಿತು ಎಂಬ ಗಾದೆ ಹುಟ್ಟಿದ್ದು ಈ ಕಟ್ಟುವ ಕೆಲಸದಿಂದ.

ಕಟ್ಟಿದ ಹೂವಿಗೆ ಅಳತೆಯೂ ಮೈಯದೇ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ, ಹೆಚ್ಚುಕಡಿಮೆ ಒಂದೂವರೆ ಅಡಿ. ನಾಲ್ಕು ಮೊಳಕ್ಕೆ ಒಂದು ಮಾರು. ಮಾರುವವಳ ಕೈ ಗಿಡ್ಡವಾದರೆ ಮೊಳವೂ ಗಿಡ್ಡ. ಅದಕ್ಕೇ ‘ಸ್ವಲ್ಪ ಜಾಸ್ತಿ ಬಿಡಮ್ಮ’ ಎಂಬ ಚೌಕಾಸಿ. ಉಡುಪಿಯ ಶಂಕರಪುರ ಮಲ್ಲಿಗೆಗೆ ಲೆಕ್ಕವೇ ಬೇರೆ. ಅಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ; ದರ ನಿಗದಿಯಾಗುವುದು ಅಟ್ಟೆಗೆ. ಉಡುಪಿ, ಮೈಸೂರು, ಹೂವಿನಹಡಗಲಿ ಈ ಮೂರು ಕಡೆಯ ಮಲ್ಲಿಗೆಗಳಿಗೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ಮಲ್ಲಿಗೆಯ ಮೊಗ್ಗನ್ನು ಬೆಳಗಾಗುವ ಮೊದಲೇ ಬಿಡಿಸಬೇಕು, ಸಂಜೆಗೆ ಅದು ಅರಳುತ್ತದೆ. ಬೆಳಗ್ಗೆ ಮಾರುಕಟ್ಟೆಯಲ್ಲಿ ಮೊಗ್ಗು, ಮಧ್ಯಾಹ್ನ ಕಟ್ಟುವವರ ಮಡಿಲಲ್ಲಿ ಮಾಲೆ, ಸಂಜೆ ಮುಡಿಯಲ್ಲಿ ಹೂವು. ಒಂದು ಹಗಲಿನೊಳಗೆ ಈ ವ್ಯಾಪಾರ ಮುಗಿಯಬೇಕು. ಹೊತ್ತು ಕಳೆದಂತೆ ಬೆಲೆ ಇಳಿಯುತ್ತದೆ.

ಶಾಸನದಲ್ಲಿ ಹೂದೋಟ

ಹೂವಿಗಾಗಿ ಭೂಮಿ ಬಿಡುವ ಪದ್ಧತಿ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ದೇವಾಲಯಗಳಿಗೆ ಗದ್ದೆ, ಗಾಣಗಳನ್ನು ಕೊಟ್ಟಂತೆ ಹೂದೋಟಗಳನ್ನೂ ಕೊಟ್ಟುದನ್ನು ಶಾಸನಗಳು ದಾಖಲಿಸುತ್ತವೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಗೊಮ್ಮಟನ ಹೂಮಾಲೆಗಾಗಿಯೇ ಭಕ್ತರು ಭೂಮಿ ಬಿಟ್ಟ ಉಲ್ಲೇಖಗಳಿವೆ. ಹೂವು ಸಂಜೆಗೆ ಬಾಡುತ್ತದೆ, ಶಾಸನದ ಕಲ್ಲು ಉಳಿಯುತ್ತದೆ. ದಿನವೂ ಬಾಡುವ ವಸ್ತುವನ್ನು ದಿನವೂ ಹೊಸದಾಗಿ ಒದಗಿಸಬೇಕಾದರೆ ಶಾಶ್ವತ ಏರ್ಪಾಟು ಬೇಕಲ್ಲವೇ? ಆ ಏರ್ಪಾಟಿನ ಭಾಗವಾಗಿ ಹೂವಾಡಿಗರು, ಮಾಲೆಗಾರರು ದೇವಾಲಯದ ಸೇವಕರಾದರು.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೂಗಾರರ ಮನೆತನಗಳು ಗುಡಿಗೂ ಮನೆಗಳಿಗೂ ಹೂ ಪತ್ರೆ ತಂದುಕೊಡುತ್ತಿದ್ದವು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಆಯದ ಕಾಳು. ಹನ್ನೆರಡನೆಯ ಶತಮಾನದ ಶರಣ ಹೂಗಾರ ಮಾದಯ್ಯನನ್ನು ಈ ಸಮುದಾಯ ತನ್ನ ಮೂಲಪುರುಷನೆಂದು ಗೌರವಿಸುತ್ತದೆ.

ಅರಮನೆಯಲ್ಲಿ ಹೂವು ಭೋಗದ ವಸ್ತುವಾಗಿತ್ತು. ಅದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಉಪಭೋಗಗಳನ್ನು ವಿವರಿಸುವಾಗ ಹೂಮಾಲೆಗಳಿಗೇ ಒಂದು ಭಾಗ ಮೀಸಲು. ವಿಜಯನಗರದ ಹೊತ್ತಿಗೆ ಹೂವು ಬೀದಿಗೆ ಬಂದಿತ್ತು. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಹೇರಾತಿನಿಂದ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್, ಪೇಟೆಯಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುವುದನ್ನು ಕಂಡು ಬೆರಗಾದ. ಈ ಜನ ಗುಲಾಬಿಯಿಲ್ಲದೆ ಬದುಕಲಾರರು, ಅದು ಅವರಿಗೆ ಅನ್ನದಷ್ಟೇ ಅಗತ್ಯ ಎಂಬ ಅರ್ಥದ ಮಾತನ್ನು ಬರೆದಿಟ್ಟ. ಇಂದು ಪ್ರೇಮಿಗಳ ದಿನಕ್ಕೆ ಗುಲಾಬಿ ಕೊಳ್ಳುವವರನ್ನು ಕಂಡು ಇದು ವಿದೇಶದ ಹೂವು ಎಂದು ಮೂಗು ಮುರಿಯುವವರು ಈ ಮಾತನ್ನು ನೆನೆಯಬಹುದು. ವಿದೇಶದಿಂದ ಬಂದದ್ದು ಗುಲಾಬಿಯಲ್ಲ, ಅದನ್ನು ಕೊಡುವ ರೀತಿ.

ಹೂವೆಂದರೆ ಒಪ್ಪಿಗೆ

ಹಳೆ ಮೈಸೂರು ಸೀಮೆಯಲ್ಲಿ ‘ಹೂ ಮುಡಿಸಿ ಬಂದರು’ ಎಂದರೆ ಸಂಬಂಧ ಗಟ್ಟಿಯಾಯಿತು ಎಂದರ್ಥ. ಹೆಣ್ಣು ನೋಡಿ ಒಪ್ಪಿದ ಗಂಡಿನ ಕಡೆಯ ಮುತ್ತೈದೆಯರು ಹುಡುಗಿಗೆ ಹೂ ಮುಡಿಸಿದ ಮೇಲೆ ಮಾತು ತಪ್ಪುವಂತಿಲ್ಲ. ಲಿಖಿತ ಕರಾರು ಇಲ್ಲದ ಕಾಲದಲ್ಲಿ ಆ ಹೂವೇ ಕರಾರು. ಗರ್ಭಿಣಿಗೆ ಸೀಮಂತದಲ್ಲಿ ಮೊಗ್ಗಿನ ಜಡೆ ಹಾಕಿ ಮಡಿಲು ತುಂಬುತ್ತಾರೆ. ಮನೆಗೆ ಬಂದ ಹೆಂಗಸರನ್ನು ಅರಿಶಿನ, ಕುಂಕುಮ, ಹೂವು, ಎಲೆ ಅಡಿಕೆ ಕೊಟ್ಟೇ ಕಳುಹಿಸಬೇಕು. ಮನೆಯಲ್ಲಿ ಬೇರೇನೂ ಇಲ್ಲದಿದ್ದರೂ ಒಂದು ತುಂಡು ಹೂವಾದರೂ ಇರಬೇಕು. ಕೊಟ್ಟ ಹೂವನ್ನು ಬೇಡ ಎನ್ನಬಾರದು ಎಂಬುದು ಪಡೆಯುವವರಿಗಿರುವ ಕಟ್ಟಳೆ.

ದೇವರ ಬಳಿಯೂ ಹೂವು ಒಪ್ಪಿಗೆಯ ಗುರುತೇ. ಮದುವೆ ಮಾಡಬೇಕೇ, ಬಾವಿ ತೋಡಬೇಕೇ, ವ್ಯಾಜ್ಯ ಹೂಡಬೇಕೇ ಎಂಬ ಪ್ರಶ್ನೆಗಳನ್ನು ಹೊತ್ತು ಊರ ಗುಡಿಗೆ ಹೋಗಿ ‘ಪ್ರಸಾದ ಕೇಳುವುದು’ ಕರ್ನಾಟಕದ ಅನೇಕ ಕಡೆ ಇಂದಿಗೂ ಉಂಟು. ವಿಗ್ರಹದ ಬಲಗಡೆಯಿಂದ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯಿಂದ ಬಿದ್ದರೆ ಅನುಮಾನ. ‘ದೇವರು ಬಲಗಡೆ ಹೂ ಕೊಟ್ಟಿತು’ ಎಂಬ ಮಾತು ಗುಡಿಯ ಹೊರಗೂ ಬಳಕೆಯಲ್ಲಿದೆ.

ಎಲ್ಲ ಹೂವೂ ಎಲ್ಲ ದೇವರಿಗೂ ಸಲ್ಲುವುದಿಲ್ಲ. ಬ್ರಹ್ಮನ ಪರ ಸುಳ್ಳು ಸಾಕ್ಷಿ ಹೇಳಿದ ಕಾರಣಕ್ಕೆ ಕೇದಿಗೆ ಶಿವನ ಪೂಜೆಗೆ ಸಲ್ಲದಾಯಿತು ಎಂಬ ಪುರಾಣ ಕತೆಯನ್ನು ಕೇಳದವರಿಲ್ಲ. ಅದೇ ಕೇದಿಗೆಯನ್ನು ಹೆಂಗಸರು ಜಡೆಗೆ ಸೇರಿಸಿ ಹೆಣೆದುಕೊಳ್ಳಲು ಅಡ್ಡಿಯಿಲ್ಲ. ಹಿತ್ತಲಲ್ಲಿ ತಾನಾಗಿ ಬೆಳೆಯುವ ತುಂಬೆ, ಎಕ್ಕದ ಹೂವುಗಳು ಶಿವನಿಗೆ ಪ್ರಿಯ ಎನ್ನುತ್ತಾರೆ. ಕೊಳ್ಳುವ ಶಕ್ತಿಯಿಲ್ಲದವನ ಹೂವೂ ದೇವರಿಗೆ ಸಲ್ಲುತ್ತದೆ ಎಂಬ ಸಮಾಧಾನ ಈ ನಂಬಿಕೆಯಲ್ಲಿದೆ.

ತಿಗಳರ ಮಲ್ಲಿಗೆ, ದರ್ಗಾದ ಚಾದರ

ಬೆಂಗಳೂರಿನ ಹೂವಿನ ಮಾತು ತಿಗಳ ಸಮುದಾಯದ ಮಾತಿಲ್ಲದೆ ಪೂರ್ಣವಾಗದು. ತೋಟಗಾರಿಕೆಯನ್ನೇ ಕುಲಕಸುಬಾಗಿಸಿಕೊಂಡ ಇವರ ದೊಡ್ಡ ಹಬ್ಬ ಧರ್ಮರಾಯಸ್ವಾಮಿ ದೇವಾಲಯದ ಕರಗ. ಚೈತ್ರ ಪೌರ್ಣಮಿಯ ರಾತ್ರಿ ಮಲ್ಲಿಗೆಯಿಂದ ಮುಚ್ಚಿದ ಹೂವಿನ ಕರಗವನ್ನು ತಲೆಯ ಮೇಲೆ ಹೊತ್ತು, ಹೆಣ್ಣಿನ ಉಡುಗೆಯಲ್ಲಿ ಅರ್ಚಕರು ಗುಡಿಯಿಂದ ಹೊರಬರುತ್ತಾರೆ. ನೆರೆದ ಜನ ಮಲ್ಲಿಗೆಯ ಮಳೆಗರೆಯುತ್ತಾರೆ. ಕರಗ ದ್ರೌಪದಿಯ ಸಂಕೇತ. ಬೊಮ್ಮಸಂದ್ರಕ್ಕೆ ಹತ್ತಿರದ ಆನೇಕಲ್‌ನಲ್ಲೂ ಧರ್ಮರಾಯಸ್ವಾಮಿಯ ಕರಗ ನಡೆಯುತ್ತದೆ.

ಬೆಂಗಳೂರು ಕರಗ ಸಾಗುವ ದಾರಿಯಲ್ಲಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾ ಇದೆ. ಅಲ್ಲಿಗೆ ಹೋಗಿ ಬರುವುದು ಉತ್ಸವದ ರೂಢಿ. ದರ್ಗಾಗಳಲ್ಲಿ ಗೋರಿಯ ಮೇಲೆ ಹೊದಿಸುವ ಹೂವಿನ ಚಾದರ, ಮುಸ್ಲಿಮರ ಮದುವೆಯಲ್ಲಿ ಮದುಮಗನ ಮುಖದ ಮುಂದೆ ಇಳಿಬಿಡುವ ಹೂವಿನ ಸೆಹ್ರಾ ಇವೂ ಇದೇ ಮಾರುಕಟ್ಟೆಯ ಮಲ್ಲಿಗೆ ಗುಲಾಬಿಗಳಿಂದಲೇ ಆಗಬೇಕು. ಕರಾವಳಿಯ ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುನ್ನ ಒಂಬತ್ತು ದಿನ ಮಕ್ಕಳ ಕೈಯಿಂದ ಕನ್ಯಾಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಮಕ್ಕಳು ಹಿತ್ತಲಿನಲ್ಲೂ ಗದ್ದೆ ಬದುವಿನಲ್ಲೂ ಆಯ್ದು ತಂದ ಹೂವುಗಳವು. ಹೂ ಏರಿಸುವ ವಿಷಯದಲ್ಲಿ ನಾಡಿನ ಮತಗಳ ನಡುವೆ ಭೇದಕ್ಕಿಂತ ಸಾಮ್ಯವೇ ಹೆಚ್ಚು.

ಕೊಡದ ಹೂವು

ಹೂ ಕೊಡುವುದು ಒಪ್ಪಿಗೆಯಾದರೆ, ಕೊಡದಿರುವುದು ನಿರಾಕರಣೆ. ಇದರ ಪೆಟ್ಟು ಬಿದ್ದದ್ದು ಗಂಡನನ್ನು ಕಳೆದುಕೊಂಡ ಹೆಣ್ಣಿನ ಮೇಲೆ. ಮುಡಿದ ಹೂವನ್ನು ತೆಗೆಯುವುದು ವೈಧವ್ಯದ ಮೊದಲ ವಿಧಿಗಳಲ್ಲೊಂದು. ಅಲ್ಲಿಂದ ಮುಂದೆ ಅರಿಶಿನ ಕುಂಕುಮದ ತಟ್ಟೆ ಅವಳ ಮುಂದೆ ಬಂದಾಗ ಬದಿಗೆ ಸರಿಯುತ್ತದೆ. ಅನೇಕ ಸಮುದಾಯಗಳಲ್ಲಿ ಉಡಿಕೆ, ಕೂಡಿಕೆ ಎಂಬ ಹೆಸರುಗಳಲ್ಲಿ ಮರುಮದುವೆಗೆ ಅವಕಾಶವಿದ್ದರೂ ಮಂಗಳಕಾರ್ಯಗಳ ಮುಂಚೂಣಿಯಿಂದ ಅಂಥವರನ್ನು ದೂರವಿಡುವ ರೂಢಿ ಇತ್ತು. ಮೇಲ್ಜಾತಿಗಳಲ್ಲಿ ಕೇಶಮುಂಡನದ ಕ್ರೌರ್ಯವೂ ಸೇರಿ, ಹೂ ಮುಡಿಯಲು ಜಡೆಯೇ ಇಲ್ಲವಾಗುತ್ತಿತ್ತು.

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿದ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ವಿಧವಾ ವಿವಾಹವನ್ನೇ ವಸ್ತುವಾಗಿ ಎತ್ತಿಕೊಂಡದ್ದು ಆಕಸ್ಮಿಕವಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬಾಲವಿಧವೆಯ ಇಡೀ ಬದುಕನ್ನು ಓದುಗರ ಮುಂದಿಟ್ಟಿತು; ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು.

ಸುಧಾರಕರು ಮುಂದಿಟ್ಟ ವಾದ ಸರಳವಾದದ್ದು. ಹೂವು, ಕುಂಕುಮ, ಬಳೆ ಹೆಣ್ಣುಮಗುವಿಗೆ ಹುಟ್ಟಿದಾಗಿನಿಂದ ಬಂದವು. ಮದುವೆಯಿಂದ ಬಂದದ್ದು ತಾಳಿ ಮಾತ್ರ. ಗಂಡ ತಂದುಕೊಡದೆ ಇದ್ದುದನ್ನು ಅವನ ಸಾವು ಹೇಗೆ ಕಿತ್ತುಕೊಂಡೀತು? ಈ ವಾದಕ್ಕೆ ಗುಡಿಯೊಳಗೇ ಮಾನ್ಯತೆ ಸಿಕ್ಕಿದ್ದು ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ಕ್ಷೇತ್ರದಲ್ಲಿ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಈ ದೇವಾಲಯದಲ್ಲಿ 2010ರ ದಶಕದ ಆರಂಭದ ದಸರಾಗಳಲ್ಲಿ ವಿಧವೆಯರನ್ನು ಕರೆದು ಹೂವು, ಕುಂಕುಮ, ಬಳೆ ಕೊಟ್ಟು ಗೌರವಿಸಲಾಯಿತು. 2013ರ ಅಕ್ಟೋಬರ್‌ನಲ್ಲಿ ಇಬ್ಬರು ವಿಧವೆಯರು ಅಲ್ಲಿ ಅರ್ಚಕರಾಗಿ ನೇಮಕಗೊಂಡರು. ಪ್ರಸಾದದ ಹೂವನ್ನು ಪಡೆಯಲು ಹಿಂಜರಿಯುತ್ತಿದ್ದವರು ಅದನ್ನು ಇತರರಿಗೆ ಕೊಡುವ ಸ್ಥಾನಕ್ಕೆ ಬಂದರು.

ಆದರೂ ಬೀದಿಯ ಚಿತ್ರ ಪೂರ್ತಿ ಬದಲಾಗಿಲ್ಲ. ಹೂ ಕಟ್ಟಿ ಮಾರುವವರಲ್ಲಿ ಗಂಡನನ್ನು ಕಳೆದುಕೊಂಡು ಮನೆ ನಡೆಸುತ್ತಿರುವವರು ಕಡಿಮೆಯೇನಲ್ಲ. ದಿನಕ್ಕೆ ನೂರಾರು ಮೊಳ ಕಟ್ಟುವ ಕೈಗಳು ತಮ್ಮ ಮುಡಿಗೆ ಒಂದು ತುಂಡನ್ನೂ ಇಟ್ಟುಕೊಳ್ಳದಿರುವುದನ್ನು ಯಾವ ಊರಿನ ಮಾರುಕಟ್ಟೆಯಲ್ಲಾದರೂ ನೋಡಬಹುದು.

ಬೊಕೆ ಬಂದ ದಾರಿ

ಇನ್ನು ಹೊಳೆಯುವ ಕಾಗದದ ಹೂವಿನ ಕತೆ. ಯುರೋಪಿನಲ್ಲಿ ಹೂವು ಕೊಡುವುದಕ್ಕೆ ಒಂದು ನಿಘಂಟೇ ಹುಟ್ಟಿಕೊಂಡಿತ್ತು. ಇಂಗ್ಲಿಷ್ ರಾಯಭಾರಿಯ ಪತ್ನಿಯಾಗಿ ತುರ್ಕಿಯಲ್ಲಿದ್ದ ಲೇಡಿ ಮೇರಿ ವರ್ಟ್ಲಿ ಮಾಂಟಗು, ಅಲ್ಲಿ ಹೂವು ಮತ್ತಿತರ ವಸ್ತುಗಳ ಮೂಲಕ ಗುಟ್ಟಿನ ಸಂದೇಶ ಕಳಿಸುವ ವಾಡಿಕೆಯನ್ನು 1718ರ ತಮ್ಮ ಪತ್ರವೊಂದರಲ್ಲಿ ಬಣ್ಣಿಸಿದರು. ಆ ಕುತೂಹಲ ಬೆಳೆದು, 1819ರಲ್ಲಿ ಪ್ಯಾರಿಸ್ಸಿನಲ್ಲಿ ಶಾರ್ಲೊಟ್ ದ ಲಾತೂರ್ ಹೆಸರಿನಲ್ಲಿ ‘ಹೂವುಗಳ ಭಾಷೆ’ ಎಂಬ ಪುಸ್ತಕ ಹೊರಬಂತು. ಮುಂದೆ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಇಂಥ ಪುಸ್ತಕಗಳಿಗೆ ಬಹು ಬೇಡಿಕೆ. ಕೆಂಪು ಗುಲಾಬಿ ಎಂದರೆ ಪ್ರೇಮ ಎಂದು ಇಂದು ಜಗತ್ತೆಲ್ಲ ತಿಳಿದಿರುವುದರಲ್ಲಿ ಈ ಪುಸ್ತಕಗಳ ಪಾಲು ದೊಡ್ಡದು. ಬಾಯಿಬಿಟ್ಟು ಹೇಳಲಾಗದ್ದನ್ನು ಅಲ್ಲಿ ಹೂವು ಹೇಳಬೇಕಾಗಿತ್ತು. ಒಬ್ಬರು ಒಬ್ಬರಿಗೆ ಮಾತ್ರ ಕೊಡುವ ಹೂವು ಅದು. ಹತ್ತು ಜನರೆದುರು ಮುಡಿಸುವ ನಮ್ಮ ಹೂವಿನಲ್ಲಿ ಗುಟ್ಟಿಲ್ಲ. ನಾಲ್ಕು ಜನ ನೋಡಲಿ ಎಂದೇ ಅದನ್ನು ಮುಡಿಸುವುದು.

ನಾಡು ಬದಲಾದರೆ ಹೂವಿನ ಅರ್ಥವೂ ಬದಲಾಗುತ್ತದೆ. ವಿದೇಶದ ಗ್ರಾಹಕರೊಡನೆ ದಿನವೂ ವ್ಯವಹರಿಸುವ ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿಗಳಿಗೆ ಇದು ತಿಳಿದಿದ್ದರೆ ಒಳಿತು. ನಮ್ಮಲ್ಲಿ ದೇವರ ಪಟದಿಂದ ಟೆಂಪೊದ ಮುಂಗಾಜಿನವರೆಗೆ ಎಲ್ಲ ಕಡೆ ಸಲ್ಲುವ ಸೇವಂತಿಗೆ, ಫ್ರಾನ್ಸ್, ಇಟಲಿಗಳಲ್ಲಿ ಸಮಾಧಿಗೆ ಇಡುವ ಹೂವು. ಅದನ್ನು ಹಿಡಿದು ಅಲ್ಲಿ ಊಟಕ್ಕೆ ಹೋದರೆ ಮನೆಯವರ ಮುಖ ಬಾಡುತ್ತದೆ. ರಷ್ಯಾದಲ್ಲಿ ಸರಿಸಂಖ್ಯೆಯ ಹೂವು ಶವಕ್ಕೆ, ಬೆಸಸಂಖ್ಯೆಯದು ಬದುಕಿರುವವರಿಗೆ. ಕರ್ನಾಟಕದಲ್ಲಿಯಾದರೋ ಮದುವೆಯ ಹಾರಕ್ಕೂ ಅಂತಿಮ ದರ್ಶನದ ಹಾರಕ್ಕೂ ಒಂದೇ ಸುಗಂಧರಾಜ.

ಆ ಸುಗಂಧರಾಜ ಕೂಡ ಮೂಲತಃ ಮೆಕ್ಸಿಕೊ ದೇಶದ್ದು. ಚೆಂಡು ಹೂವೂ ಅಷ್ಟೆ. ಮೆಕ್ಸಿಕೊದ ಜನ ನವೆಂಬರ್ ಮೊದಲೆರಡು ದಿನ ತೀರಿಕೊಂಡ ಹಿರಿಯರನ್ನು ನೆನೆಯುವಾಗ ಮನೆ ಸಮಾಧಿಗಳನ್ನು ಚೆಂಡು ಹೂವಿನಿಂದ ತುಂಬುತ್ತಾರೆ. ಅಮೆರಿಕ ಖಂಡಕ್ಕೆ ಯುರೋಪಿನ ಹಡಗುಗಳು ಹೋಗಿ ಬರತೊಡಗಿದ ಮೇಲೆ ಆ ಹೂವು ಭಾರತಕ್ಕೆ ಬಂತು. ಈಗ ಆಯುಧಪೂಜೆಯ ದಿನ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಲೇತ್‌ಗೆ, ಪ್ರೆಸ್ಸಿಗೆ, ಫೋರ್ಕ್‌ಲಿಫ್ಟ್‌ಗೆ ಹಾಕುವುದು ಚೆಂಡು ಹೂವಿನ ಹಾರವನ್ನೇ. ಅಂದು ಯಂತ್ರಕ್ಕೂ ಹೂವು, ಅದನ್ನು ನಡೆಸುವವನಿಗೂ ಹೂವು. ಯಜಮಾನ, ಮೇಸ್ತ್ರಿ, ಗುತ್ತಿಗೆ ಕೆಲಸಗಾರ ಎಲ್ಲರೂ ಒಂದೇ ಬೂದುಗುಂಬಳದ ಸುತ್ತ ನಿಲ್ಲುವ ದಿನ ವರ್ಷಕ್ಕೆ ಅದೊಂದೇ ಇದ್ದೀತು.

ಗುಲಾಬಿಯ ಲೆಕ್ಕಾಚಾರ

ಕಾಂಡದ ಹೂವಿನ ಬೇಸಾಯ ಬೆಂಗಳೂರಿನ ಸುತ್ತ ಉದ್ಯಮವಾಗಿ ಬೆಳೆದದ್ದು 1991ರ ಆರ್ಥಿಕ ಉದಾರೀಕರಣದ ನಂತರ. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದ ಈ ನೆಲದ ತಂಪು ಹವೆ ಗುಲಾಬಿಗೆ ಹೇಳಿಮಾಡಿಸಿದ್ದು. ದೊಡ್ಡಬಳ್ಳಾಪುರ, ಆನೇಕಲ್, ಹೊಸೂರು ಕಡೆಗಳಲ್ಲಿ ಪಾಲಿಹೌಸ್‌ಗಳು ಎದ್ದವು. ಪ್ರೇಮಿಗಳ ದಿನದ ಹೂವಿಗೆ ಡಿಸೆಂಬರಿನಲ್ಲೇ ಗಿಡ ಸವರಬೇಕು. ಆಗ ಹೊಸ ಚಿಗುರು ಮೊಗ್ಗಾಗಿ ಫೆಬ್ರುವರಿ ಮೊದಲ ವಾರಕ್ಕೆ ಕೊಯ್ಲಿಗೆ ಸಿಗುತ್ತದೆ. ಒಂದು ವಾರ ತಡವಾದರೆ ಇಡೀ ಬೆಳೆಗೆ ಬೆಲೆಯಿಲ್ಲ. ಕೊಯ್ದ ಹೂವನ್ನು ಕೂಡಲೇ ನೀರಿಗಿಟ್ಟು, ಶೀತಲ ಕೋಣೆಯಲ್ಲಿರಿಸಿ, ಗಾತ್ರ ನೋಡಿ ಬೇರ್ಪಡಿಸಿ, ವಿಮಾನಕ್ಕೆ ತಲುಪಿಸಬೇಕು. ಬೆಂಗಳೂರಿನದೇ ಒಂದು ಕಂಪನಿ 2007ರಲ್ಲಿ ಕೆನ್ಯಾದ ನೈವಾಷಾ ಸರೋವರದ ದಡದಲ್ಲಿ ಭಾರಿ ಗುಲಾಬಿ ತೋಟಗಳನ್ನು ಕೊಂಡುಕೊಂಡಿತ್ತು ಎಂದರೆ ಈ ವ್ಯಾಪಾರದ ಹರವನ್ನು ಊಹಿಸಬಹುದು.

ಮಲ್ಲಿಗೆ, ಕನಕಾಂಬರದ ಲೆಕ್ಕ ಪಂಚಾಂಗದ್ದು. ವರಮಹಾಲಕ್ಷ್ಮಿ ವ್ರತದ ಹಿಂದಿನ ದಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಕನಕಾಂಬರದ ದರ ಕಿಲೋಗೆ ಸಾವಿರಾರು ರೂಪಾಯಿ ಮುಟ್ಟುವುದು ಈಚಿನ ವರ್ಷಗಳ ಸಾಮಾನ್ಯ ಸುದ್ದಿ. ಹಬ್ಬ ಮುಗಿದ ಮರುದಿನ ಅದೇ ಹೂವನ್ನು ಕೇಳುವವರಿಲ್ಲ.

ಹೂವಿಗೆ ಕಾದಿಡುವ ಗುಣವಿಲ್ಲದಿರುವುದು ಎಷ್ಟು ದುಬಾರಿ ಎಂಬುದು 2020ರ ಮಾರ್ಚ್‌ನಲ್ಲಿ ಗೊತ್ತಾಯಿತು. ಅಂದು ಯುಗಾದಿ, ಮಾರ್ಚ್ 25. ದೇಶವ್ಯಾಪಿ ಲಾಕ್‌ಡೌನ್ ಆರಂಭವಾದದ್ದೂ ಅಂದೇ. ಗುಡಿಗಳು ಮುಚ್ಚಿದವು, ಮದುವೆಗಳು ನಿಂತವು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಭಾಗದ ರೈತರು ಅರಳಿದ ಹೂವನ್ನು ಬಿಡಿಸಿ ತಿಪ್ಪೆಗೆ ಸುರಿದರು. ಕೆಲವರು ಬೆಳೆಯನ್ನೇ ಉತ್ತುಹಾಕಿದರು. ರಾಗಿಯಾದರೆ ಕಣಜದಲ್ಲಿ ಉಳಿಯುತ್ತಿತ್ತು. ಹೂವಿಗೆ ಕಣಜವಿಲ್ಲ.

ಹೂ ಬೇಡ, ಪುಸ್ತಕ ಕೊಡಿ

ಆ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಪ್ರಶ್ನೆ ಎದ್ದಿತು. ಸಮಾರಂಭಗಳಲ್ಲಿ ಹೂವಿಗೆ ಹಣ ಸುರಿಯುವುದು ಸರಿಯೇ ಎಂಬ ಚರ್ಚೆ ದೇಶದಲ್ಲಿ ಮೊದಲೇ ಇತ್ತು. ಪ್ರಧಾನಿಯವರ ಪ್ರವಾಸಗಳಲ್ಲಿ ಬೊಕೆ ಕೊಡುವುದು ಬೇಡ, ಕೊಡಲೇಬೇಕೆಂದರೆ ಒಂದು ಹೂವು, ಖಾದಿ ಕರವಸ್ತ್ರ ಅಥವಾ ಪುಸ್ತಕ ಸಾಕು ಎಂದು 2017ರಲ್ಲಿ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ತಿಳಿಸಿತ್ತು. 2021ರ ಆಗಸ್ಟ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಸೂಚನೆಯಂತೆ ಕರ್ನಾಟಕ ಸರ್ಕಾರ ತನ್ನ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಹಣ್ಣಿನ ಬುಟ್ಟಿ, ಶಾಲು, ಸ್ಮರಣಿಕೆಗಳನ್ನು ನಿಲ್ಲಿಸಿ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಬಹುದು ಎಂದಿತು. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಅವರೂ ಹೂವು, ಶಾಲು ಸ್ವೀಕರಿಸುವುದಿಲ್ಲ, ಪ್ರೀತಿಯಿಂದ ಕೊಡುವುದಾದರೆ ಪುಸ್ತಕ ಕೊಡಿ ಎಂದರು.

ದುಂದುವೆಚ್ಚ ತಪ್ಪಬೇಕು ಎಂಬುದರಲ್ಲಿ ತಕರಾರಿಲ್ಲ. ಪುಸ್ತಕ ಕೊಡುವುದು ಒಳ್ಳೆಯದೇ. 2023ರ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ಕ್ರೇನಿನಿಂದ ಇಳಿಬಿಟ್ಟ ಸೇಬಿನ ಹಾರಗಳನ್ನು ಕಂಡವರಿಗೆ ಇಂಥ ಆದೇಶಗಳ ಅಗತ್ಯ ಮನವರಿಕೆಯಾಗುತ್ತದೆ. ಅದು ಒಪ್ಪಿಗೆಯ ಹೂವಲ್ಲ, ತೂಕದ ಪ್ರದರ್ಶನ. ಆದರೆ ಹೂ ಬೆಳೆಗಾರರು 2021ರಲ್ಲೇ ಆಕ್ಷೇಪ ಎತ್ತಿದ್ದರು. ವೇದಿಕೆಯ ಮೇಲೆ ಒಂದು ಹಾರ ತಪ್ಪಿದರೆ ಬೆಳೆದವನು, ಬಿಡಿಸಿದವಳು, ಕಟ್ಟಿದವಳು, ಮಾರಿದವಳು ಎಲ್ಲರಿಗೂ ಅಷ್ಟಷ್ಟು ಕೂಲಿ ತಪ್ಪುತ್ತದೆ. ಇದರ ಜತೆಗೆ ಮದುವೆ ಮಂಟಪಗಳಿಗೆ ನುಗ್ಗಿರುವ ಪ್ಲಾಸ್ಟಿಕ್ ಹೂವು ಬೇರೆ. ಬಾಡದ ಆ ಹೂವನ್ನು ಒಮ್ಮೆ ಕೊಂಡರೆ ನೂರು ಮದುವೆಗೆ ಆಯಿತು. ಕೊಳೆಯದ ಕಸವಾಗಿ ಕೊನೆಗೆ ಅದು ಸೇರುವುದು ಮಣ್ಣನ್ನೋ ಕೆರೆಯನ್ನೋ. ಪ್ಲಾಸ್ಟಿಕ್ ಹೂವಿನ ಮೇಲೆ ನಿರ್ಬಂಧ ಬೇಕೆಂಬುದು ಬೆಳೆಗಾರರ ಬೇಡಿಕೆ.

ಸರ್ಕಾರಿ ವೇದಿಕೆಯ ಬೊಕೆಗೂ ಬೊಮ್ಮಸಂದ್ರದ ಕಾರ್ಖಾನೆ ಬಾಗಿಲಿನ ಮೊಳ ಹೂವಿಗೂ ಇರುವ ವ್ಯತ್ಯಾಸವನ್ನು ಯಾವ ಆದೇಶವೂ ಬರೆಯಲಾರದು. ಬೊಕೆಯನ್ನು ಪಡೆದ ಗಣ್ಯರು ಮರುಕ್ಷಣವೇ ಹಿಂದೆ ನಿಂತ ಸಹಾಯಕರ ಕೈಗೆ ದಾಟಿಸುತ್ತಾರೆ. ಆಸ್ಪತ್ರೆಗಳ ತೀವ್ರ ನಿಗಾ ಘಟಕದೊಳಗೆ ಸೋಂಕಿನ ಭಯದಿಂದ ಸಾಮಾನ್ಯವಾಗಿ ಹೂವನ್ನು ಬಿಡುವುದಿಲ್ಲ. ತಂದದ್ದು ಹೊರಗಿನ ಮೇಜಿನ ಮೇಲೆ ಉಳಿಯುತ್ತದೆ. ಮುಡಿದ ಹೂವು ಹಾಗಲ್ಲ. ಪಾಳಿ ಮುಗಿಯುವವರೆಗೂ ಅದು ಮುಡಿದವಳ ಜತೆ ಇರುತ್ತದೆ.

ಸಂಜೆ ಎರಡನೆಯ ಪಾಳಿಯ ಬಸ್ಸುಗಳು ಹೊರಟ ಮೇಲೆ ಬುಟ್ಟಿಯಲ್ಲಿ ಉಳಿದ ಹೂವಿನ ಬೆಲೆ ಅರ್ಧಕ್ಕಿಳಿಯುತ್ತದೆ. ಕೊನೆಗೆ ಉಳಿದ ತುಂಡುಗಳು ದಾರಿಯಲ್ಲಿ ಸಿಗುವ ಗುಡಿಗೋ ಪಕ್ಕದ ತರಕಾರಿ ಗಾಡಿಯವಳ ಜಡೆಗೋ ಸಲ್ಲುತ್ತವೆ, ಕಾಸು ತೆಗೆದುಕೊಳ್ಳದೆ. ಬೇಡ ಎನ್ನಬಾರದು ಎಂಬ ಹಳೆಯ ಕಟ್ಟಳೆಯಿಂದ ಅದನ್ನು ಎಲ್ಲರೂ ಪಡೆಯುತ್ತಾರೆ. ಅದೇ ಕಟ್ಟಳೆ ಮಾರುವವಳಿಗೂ ಅನ್ವಯಿಸಬೇಕು. ಒಂದು ತುಂಡನ್ನು ಅವಳ ಮುಡಿಗೂ ಇಡುವ ದಿನ ಬಂದರೆ, ಕೆಲವರನ್ನು ಹೊರಗಿಟ್ಟು ಹೂ ಕೊಡುತ್ತಿದ್ದ ಈ ನಾಡಿನ ಹಳೆಯ ತಪ್ಪೊಂದು ತಿದ್ದಿದಂತಾಗುತ್ತದೆ. ಅದಕ್ಕೆ ತಗಲುವ ಖರ್ಚು ಅರ್ಧ ಮೊಳಕ್ಕಿಂತ ಹೆಚ್ಚಿಲ್ಲ.